ರೆಪ್ಪೆಗೊತ್ತಿದ ಮೊಟ್ಟೆ

ಇಪ್ಪತ್ತೊಂದನೆಯ ದಿನಕ್ಕೆ ಒಡೆಯಬೇಕಿದ್ದ ಆರುನೂರು ಮೊಟ್ಟೆಗಳು ಇಪ್ಪತ್ತೆರಡನೆಯ ದಿನದ ಬೆಳಿಗ್ಗೆಯೂ ತುಟಿಪಿಟಕ್ಕೆನ್ನದೆ ಕೂತಿದ್ದವು. ಚಿಕ್ಕಮ್ಮ ಅವನ್ನು ಸುರಿಯಲೆಂದು ಡ್ರಮ್ಮುಗಳನ್ನು ತೊಳೆದು ಶೆಡ್ಡಿನ ಬಾಗಿಲಿಗೆ ತಂದಿಟ್ಟಿದ್ದಳು. ಮರಿ ಮಾಡುವ ಪೆಟ್ಟಿಗೆಗೆ ಸರ್ಕ್ಯೂಟ್ ಬೋರ್ಡು ಮಾಡಿಕೊಟ್ಟಿದ್ದ ಅವಳ ಅಕ್ಕನ ಮಗಳು ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ತಿರುಗುತ್ತಿದ್ದಳು.

ಪರದೆಯ ಮೇಲೆ ಮೂವತ್ತೇಳೂವರೆ ಡಿಗ್ರಿ. ಮೂರು ವಾರದಿಂದ ಅದೇ. ಐದನೆಯ ದಿನ ಚಿಕ್ಕಮ್ಮ ಒಂದು ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಂಡು, ಯಾಕೋ ಕಾವು ಸಾಲದು ಎಂದಿದ್ದಳು. ಮೂವತ್ತು ವರ್ಷ ಹಾಗೆಯೇ ನೋಡಿದವಳು. ಹದಿನಾರು ಸೆನ್ಸರ್ ಇರುವಾಗ ನಿನ್ನ ರೆಪ್ಪೆ ಯಾಕೆ ಎಂದು ಇವಳು ನಕ್ಕಿದ್ದಳು. ಆಮೇಲೆ ಚಿಕ್ಕಮ್ಮ ಮೊಟ್ಟೆಯನ್ನು ಕಣ್ಣಿನ ಹತ್ತಿರ ತಂದಿರಲಿಲ್ಲ.

ಇವಳು ಗೋಗರೆದು ಮಧ್ಯಾಹ್ನದವರೆಗೆ ಗಡುವು ಪಡೆದಳು.

ಬೋರ್ಡಿನ ಮೇಲಿನ ಎಲೆಕ್ಟ್ರಾನಿಕ್ ಚಿಪ್ಪು ಸೆನ್ಸರುಗಳಿಂದ ಬರುವುದನ್ನೆಲ್ಲ ಎರಡೂವರೆ ವೋಲ್ಟಿನ ರೆಫರೆನ್ಸಿನ ಪಕ್ಕಕ್ಕಿಟ್ಟು ಅಳೆಯುತ್ತಿತ್ತು. ಅದೇ ಅದರ ಅಳತೆಗೋಲು. ಆ ರೆಫರೆನ್ಸು ಚಿಪ್ಪಿಗೆ ಸೇರುವ ಪಿನ್ನು ಕರೆಂಟನ್ನೇನೂ ಎಳೆಯುವುದಿಲ್ಲವೆಂದು ನಂಬಿ ಅವಳು ಬರೀ ಎರಡು ರೆಸಿಸ್ಟರಿನಿಂದ ಆ ಎರಡೂವರೆ ವೋಲ್ಟನ್ನು ಮಾಡಿ ಕೈ ತೊಳೆದುಕೊಂಡಿದ್ದಳು. ಮನೆಯ ಮೇಜಿನ ಮೇಲೆ ಪರೀಕ್ಷಿಸಿದಾಗ ಮೀಟರು ಎರಡೂವರೆಯನ್ನೇ ತೋರಿಸಿತ್ತು. ಆಗ ಚಿಪ್ಪು ಏನನ್ನೂ ಓದುತ್ತಿರಲಿಲ್ಲ.

ಈಗ ಪೆಟ್ಟಿಗೆ ಓಡುತ್ತಿರುವಾಗಲೇ ಆ ಪಿನ್ನಿಗೆ ಮೀಟರಿನ ಮೊನೆ ಇಟ್ಟಳು. ಎರಡು ಪಾಯಿಂಟ್ ನಾಲ್ಕು ಮೂರು. ಹದಿನಾರು ಸೆನ್ಸರನ್ನು ಎಡೆಬಿಡದೆ ಓದುವ ಚಿಪ್ಪು ಗುಟುಕು ಗುಟುಕಾಗಿ ಕರೆಂಟ್ ಎಳೆದು ಅಳತೆಗೋಲನ್ನೇ ಕುಗ್ಗಿಸಿತ್ತು. ಕುಗ್ಗಿದ ಕೋಲಿನಲ್ಲಿ ಅಳೆದರೆ ಎಲ್ಲವೂ ಹೆಚ್ಚೇ.

ರೆಫರೆನ್ಸಿಗೂ ಪಿನ್ನಿಗೂ ನಡುವೆ, ಕರೆಂಟ್ ಕೊಡಬಲ್ಲ ಒಂದು ಬಫರ್ ಚಿಪ್ಪನ್ನು ಬೆಸುಗೆ ಹಾಕಿದಳು. ಅವಸರದಲ್ಲಿ ಬೆರಳು ಎರಡು ಸಲ ಸುಟ್ಟಿತು. ಪರದೆ ಮೂವತ್ತಾರೂವರೆಗೆ ಇಳಿಯಿತು, ಹೀಟರು ಮತ್ತೆ ಕಾಯತೊಡಗಿತು. ಸುಮ್ಮನೆ ಮುಚ್ಚಳ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಗಡುವು ಮುಗಿದಿತ್ತು, ಚಿಕ್ಕಮ್ಮ ಸುರಿಯಲೆಂದು ಮೊದಲ ಟ್ರೇಯನ್ನು ಎಳೆಯುತ್ತಿದ್ದಳು.

"ಅದನ್ನ ಒಳಗಿಡು ಚಿಕ್ಕಮ್ಮ. ತಪ್ಪು ನಂದು. ಮೂರು ವಾರ ಒಂದು ಡಿಗ್ರಿ ಕಮ್ಮಿ ಕಾವು ಕೊಟ್ಟಿದೀವಿ. ನೀನು ಹೇಳಿದ್ದೇ ಸರಿ."

ಚಿಕ್ಕಮ್ಮ ಟ್ರೇಯನ್ನು ಮತ್ತೆ ಒಳಕ್ಕೆ ತಳ್ಳಿದಳು.

"ಹಾಗಾದ್ರೆ ಸತ್ತಿಲ್ಲ. ತಡ ಆಗಿದೆ ಅಷ್ಟೇ," ಎಂದಳು. "ಇಷ್ಟು ಹೇಳೋಕೆ ಮೂರು ವಾರ ಬೇಕಾಯ್ತಾ, ಇಂಜಿನಿಯರಮ್ಮ?"

ಡ್ರಮ್ಮುಗಳು ಗೋಡೆಯ ಬದಿಗೆ ಹೋದವು. ಮರುದಿನವೂ ಅಕ್ಕನ ಮಗಳು ಕಾಲು ಗಂಟೆಗೊಮ್ಮೆ ಮೀಟರ್ ಹಿಡಿದು ಬಂದಳು. ಎರಡೂವರೆ, ಮತ್ತೆ ಎರಡೂವರೆ. ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮನಿಗೆ ಸಾಕಾಯಿತು. ಮೀಟರ್ ಕಿತ್ತಿಟ್ಟು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಲು ಹೇಳಿ ರೆಪ್ಪೆಗೊಂದು ಮೊಟ್ಟೆ ಒತ್ತಿದಳು.

"ಎಷ್ಟಿದೆ ಹೇಳು."

ಹೇಳಲು ಅವಳ ಬಳಿ ಅಂಕಿ ಇರಲಿಲ್ಲ. ಬೆಚ್ಚಗಿತ್ತು. ಆಮೇಲೆ ಮೊಟ್ಟೆಯ ಚಿಪ್ಪಿನೊಳಗಿಂದ ಯಾರೋ ಅವಳ ಕಣ್ಣಿಗೆ ಮೆಲ್ಲಗೆ ಕುಟ್ಟಿದರು.