ಕನ್ನಡಕ್ಕೆ ಆರನ್ನು ಒತ್ತಿ

ಮೂರನೆಯ ದೋಸೆ ಕಾವಲಿಯ ಮೇಲಿರುವಾಗಲೇ ಫೋನು ಟಿಣ್ ಎಂದಿತು. ನಿನ್ನೆ ಕಳಿಸಿದ ಇಮೇಲುಗಳಿಗೆ ಮೊದಲ ಉತ್ತರವಿರಬಹುದು. ಇಂದ್ರಾಣಿ ಕೈಯನ್ನು ನೈಟಿಗೆ ಒರೆಸಿಕೊಂಡು ನೋಡಿದಳು. ಮನೆ ಏಜೆಂಟ್ ಜುವಾಕಿಂ.

‘ಮೇಡಂ, ಇವತ್ತು ಸಂಜೆ ಐದರೊಳಗೆ ಹೇಳಿ ಆಯ್ತಾ. ಬಾಡಿಗೆ ಮುಂದುವರಿಸುವುದಾ, ಮನೆ ಬಿಡುವುದಾ? ಕೇಳುವವರು ಕ್ಯೂ ನಿಂತಿದ್ದಾರೆ.’

ದೋಸೆ ಸೀದಿತ್ತು. ಅದನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಎರಡು ತಿಂಗಳ ಹಿಂದೆ ಕಂಪನಿ ಗಂಡ ಅನಿಕೇತನನ್ನು ದೂರದ ಮರಳುಗಾಡಿನ ಊರು ಮದೀನತ್ ಜಾಯೆದ್‌ಗೆ ಕಳಿಸಿತ್ತು. ಹೊಸ ಕರಾರಿನಲ್ಲಿ ಅವನಿಗೆ ಮಂಚವಿತ್ತು, ಮೂರು ಹೊತ್ತಿನ ಊಟವಿತ್ತು. ಹೆಂಡತಿ, ಮಗಳು ಇರಲಿಲ್ಲ. ಡಿಸ್ಕವರಿ ಗಾರ್ಡನ್ಸ್‌ನ ಈ ಮನೆ ಉಳಿಯಬೇಕಾದರೆ ಇಂದ್ರಾಣಿಯೇ ಫ್ರೀಲಾನ್ಸ್ ವೀಸಾ ಮಾಡಿಸಿಕೊಳ್ಳಬೇಕು. ಅದಕ್ಕೆ ಕೆಲಸ ಬೇಕು. ಒಬ್ಬ ಕ್ಲೈಂಟ್ ಖಾಯಂ ಆದರೂ ಸಾಕು ಎಂದಿದ್ದ ಅನಿಕೇತ್. ಆಗದಿದ್ದರೆ ಈ ವರ್ಷದ ಶಾಲೆ ಮುಗಿದ ಮೇಲೆ ಅವಳೂ ಇಳಾಳೂ ಮೈಸೂರಿಗೆ.

ಇಳಾಳಿಗೆ ಹೇಳಿರಲಿಲ್ಲ. ಏಳು ವರ್ಷದ ಮಗುವಿಗೆ ಹೇಳುವಂಥದ್ದು ಇನ್ನೂ ಏನೂ ಆಗಿಲ್ಲವೆಂದು ಇಬ್ಬರೂ ತೀರ್ಮಾನಿಸಿದ್ದರು.

ಇಳಾ ಹುಟ್ಟುವವರೆಗೆ ಇಂದ್ರಾಣಿ ಕನ್ನಡದಲ್ಲಿ ದನಿ ಕೊಡುತ್ತಿದ್ದಳು. ಚಿನ್ನದಂಗಡಿಯ ಜಾಹೀರಾತು, ಆಸ್ಪತ್ರೆಯ ಫೋನಿನ ಸೂಚನೆ. ಆಗ ಇಟ್ಟಿದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಕ್ಲೈಂಟಿನ ಹೆಸರಿನ ಮುಂದೆ ಒಂದು ಸಾಲು ಇತ್ತು. ಝಹೀರ್: ಸಕ್ಕರೆ ಹಾಕದ ಚಹಾ. ಲೈಲಾ: ಪಿಎಚ್‌ಡಿ ಮಾಡಬೇಕೆಂದಿದ್ದಾರೆ. ಸಬೀನ: ಬೆಕ್ಕು ಕಳೆದುಹೋಗಿದೆ. ನಿನ್ನೆಯಿಂದ ಆ ಒಂದೊಂದು ಸಾಲನ್ನೂ ಹಿಗ್ಗಿಸಿ ಹತ್ತು ಮಂದಿಗೆ ಇಮೇಲ್ ಬರೆದಿದ್ದಳು. ಕೆಲಸ ಎಂಬ ಪದ ಯಾವುದರಲ್ಲೂ ಬರದಂತೆ ನೋಡಿಕೊಂಡಿದ್ದಳು.

ಕೆಮ್ಮು ಎಂದು ಇಳಾ ಶಾಲೆಗೆ ಹೋಗಿರಲಿಲ್ಲ. ತಟ್ಟೆ ಹಿಡಿದು ಲ್ಯಾಪ್‌ಟಾಪಿನ ಪಕ್ಕ ಬಂದು ಕೂತಳು. ಇಂದ್ರಾಣಿ ಅವಳ ಕೂದಲಿನ ಸಿಕ್ಕು ಬಿಡಿಸುತ್ತ ಹನ್ನೊಂದನೆಯ ಇಮೇಲನ್ನು ಓದಿಕೊಂಡಳು.

“ಇವರೆಲ್ಲ ನಿನ್ನ ಫ್ರೆಂಡ್ಸಾ?”

“ಕ್ಲೈಂಟ್ಸ್.”

“ಮತ್ತೆ ಮಿಸ್ ಯು ಅಂತ ಬರ್ದಿದೀಯ?”

“ಸುಮ್ನೆ, ಹಾಗೆ ಬರೀತಾರೆ.”

“ಅಮ್ಮ...”

“ಏನು ಪುಟ್ಟ?”

“ನಥಿಂಗ್.”

ಮೂರು ದಿನದಿಂದ ಹೀಗೆಯೇ. ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಇಂದ್ರಾಣಿ ಒತ್ತಾಯಿಸಲಿಲ್ಲ. ಬಾಚಣಿಗೆಯನ್ನು ಇನ್ನೂ ಮೆಲ್ಲಗೆ ಎಳೆದಳು.

ಹತ್ತೂವರೆಗೆ ಸಬೀನಳ ಉತ್ತರ ಬಂತು. ‘ಯಾವ ಬೆಕ್ಕು? ನಾನು ಯಾವತ್ತೂ ಬೆಕ್ಕು ಸಾಕಿದವಳಲ್ಲ. ಈ ಮೇಲ್ ನನಗೇನಾ?’

ನೋಟ್‌ಬುಕ್ ತೆರೆದಳು. ತನ್ನದೇ ಅಕ್ಷರ, ಎರಡು ಸಲ ಅಡಿಗೆರೆ. ಯಾರದೋ ಬೆಕ್ಕು ಕಳೆದಿತ್ತು, ಅದಕ್ಕೆ ತಾನು ಮರುಗಿದ್ದೂ ನಿಜ. ಕ್ಷಮೆ ಕೇಳಿ ನಗುಮುಖದ ಚಿತ್ರ ಹಾಕಿ ಕಳಿಸಿದಳು. ಮೂರು ಇಮೇಲುಗಳು ಆ ವಿಳಾಸವೇ ಇಲ್ಲವೆಂದು ವಾಪಸು ಬಂದವು. ವಾಷಿಂಗ್ ಮೆಷೀನಿಗೆ ಬಟ್ಟೆ ಹಾಕಿದಳು, ತೆಗೆದಳು. ಬಾಲ್ಕನಿಯ ಸ್ಟ್ಯಾಂಡಿನ ಮೇಲಿನ ಮರಳುಪುಡಿ ಒರೆಸಿ ಬಟ್ಟೆ ಹರವಿದಳು.

ಮೂರು ಗಂಟೆಗೆ ಫೋನೇ ಬಂತು. ಅನ್ಸಿಫ್, ಮಂಗಳೂರಿನವನು, ಒಂದು ಕ್ಲಿನಿಕ್ಕಿನ ಮ್ಯಾನೇಜರು. ಕ್ಲಿನಿಕ್ಕಿನ ಫೋನಿಗೆ ದನಿ ಕೊಟ್ಟದ್ದು ಅವಳ ಕೊನೆಯ ಕೆಲಸ.

“ಎಂತ ಮೇಡಂ, ಬದುಕಿದ್ದೀರಾ! ಮೇಲ್ ನೋಡಿ ಖುಷಿಯಾಯ್ತು ಮಾರಾಯ್ರೆ.”

“ನಿಮಗೆಲ್ಲಿ ನೆನಪಿರುತ್ತೋ ಅಂದ್ಕೊಂಡೆ.”

“ಮರೀಲಿಕ್ಕೆ ಉಂಟಾ? ದಿನಾ ಬೆಳಿಗ್ಗೆ ನಿಮ್ಮ ಸ್ವರವೇ ಅಲ್ವಾ ನಮಗೆ. ನೀವು ಕೆಲಸ ಬಿಟ್ಟದ್ದೇ ಗೊತ್ತಾಗ್ಲಿಲ್ಲ ನೋಡಿ.”

ಅವಳು ನಕ್ಕಳು. “ಅದು ಹಳೇದಾಗಿರತ್ತೆ ಈಗ. ಹೊಸದೇನಾದ್ರೂ ರೆಕಾರ್ಡ್ ಮಾಡೋದಿದ್ರೆ...”

“ಅಯ್ಯೋ, ಅದೆಲ್ಲ ಖಲಾಸ್ ಮೇಡಂ. ಈಗ ಸಾಫ್ಟ್‌ವೇರ್ ಉಂಟು. ನಾವು ಟೈಪ್ ಮಾಡ್ತೇವೆ, ನೀವು ಹೇಳ್ತೀರಿ.”

“ನಾನು?”

“ನಿಮ್ಮ ಸ್ವರ. ಮುಂದೆ ಯಾವುದಕ್ಕೂ ಬಳಸಬಹುದು ಅಂತ ಆಗ ಸೈನ್ ಹಾಕಿದ್ದೀರಲ್ಲ.”

ಹಾಕಿದ್ದಳು. ಅವರು ಕೊಟ್ಟ ಪೆನ್ನು ಚೆನ್ನಾಗಿ ಬರೆಯುತ್ತಿತ್ತೆಂದು ಮಾತ್ರ ನೆನಪಿತ್ತು.

“ಒಮ್ಮೆ ಕಾಲ್ ಮಾಡಿ ಕೇಳಿ ಮೇಡಂ. ಕನ್ನಡಕ್ಕೆ ಆರು. ಫಸ್ಟ್ ಕ್ಲಾಸ್ ಬಂದಿದೆ. ಮತ್ತೆ, ಮನೆಯಲ್ಲಿ ಎಲ್ಲ ಆರಾಮಲ್ವಾ?”

“ಆರಾಮ. ಥ್ಯಾಂಕ್ಸ್” ಎಂದಳು. ಯಾವುದಕ್ಕೆ ಎಂದು ಅವನು ಕೇಳಲಿಲ್ಲ.

ಹುರುಳಿಕಾಯಿ ತಂದು ನೆಲದ ಮೇಲೆ ಕೂತಳು. ಇಳಾ ಎದುರು ಕೂತು ನಾರು ತೆಗೆಯತೊಡಗಿದಳು. ಎಲ್ಲ ಕಾಯಿಯೂ ಒಂದೇ ಉದ್ದ ಇರಬೇಕೆಂದು ಮುರಿದು ಮುರಿದು ಜೋಡಿಸುತ್ತಿದ್ದಳು. ನಾಲ್ಕೂ ನಲವತ್ತು. ಜುವಾಕಿಂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಕಳಿಸಿದ್ದ.

ಇಂದ್ರಾಣಿ ಕ್ಲಿನಿಕ್ಕಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಅರಬ್ಬಿ, ಇಂಗ್ಲಿಷ್, ಹಿಂದಿ, ಮಲಯಾಳ, ಉರ್ದು ಸರಿದುಹೋದವು. ಆರನ್ನು ಒತ್ತಿದಳು.

“ನಮಸ್ಕಾರ. ನಿಮ್ಮನ್ನು ಮಾತಾಡಿಸಲು ನಮಗೆ ಸಂತೋಷ.”

ಇದು ಅವಳು ಹೇಳಿದ್ದೇ. ಗಾಜಿನ ಗೂಡಿನೊಳಗೆ ನಿಂತು, ನಾಲ್ಕು ತಿಂಗಳ ಬಸುರಿ, ಹನ್ನೆರಡು ಸಲ. ಸಂತೋಷ ಸಾಲದು ಎಂದು ಸ್ಟುಡಿಯೋದವನು ಮತ್ತೆ ಮತ್ತೆ ಹೇಳಿಸಿದ್ದ.

“ನಮ್ಮ ಹೊಸ ಶಾಖೆ ಈಗ ಮದೀನತ್ ಜಾಯೆದ್‌ನಲ್ಲಿ. ನಿಮ್ಮ ಇಡೀ ಕುಟುಂಬಕ್ಕೆ ಸ್ವಾಗತ.”

ಇದನ್ನು ಅವಳು ಯಾವತ್ತೂ ಹೇಳಿರಲಿಲ್ಲ. ಆ ಊರಿನ ಹೆಸರು ಅವಳ ಬಾಯಲ್ಲಿ ಎರಡು ತಿಂಗಳಾದರೂ ತೊಡರುತ್ತಿತ್ತು. ಫೋನಿನವಳು ಸಲೀಸಾಗಿ ಅಂದಳು. ಅವಳ ದನಿಗೆ ಆಯಾಸವಿರಲಿಲ್ಲ, ವಯಸ್ಸು ಮೂವತ್ತು ದಾಟಿರಲಿಲ್ಲ.

“ದಯವಿಟ್ಟು ಕಾಯಿರಿ. ನಾವು ಇಲ್ಲೇ ಇದ್ದೇವೆ.”

ಸಂಗೀತ ಬಂತು. ಇಂದ್ರಾಣಿ ಕಾದಳು. ಕಟ್ ಮಾಡಬಹುದಿತ್ತು, ಬೆರಳು ಹೋಗಲಿಲ್ಲ. ಪರದೆಯ ಮೇಲೆ ಜುವಾಕಿಂನ ಹೆಸರು ಮಿನುಗಿತು, ನಿಂತಿತು, ಮತ್ತೆ ಮಿನುಗಿತು. ಇಳಾಳ ಕೈಯಲ್ಲಿ ಅರ್ಧ ಮುರಿದ ಹುರುಳಿಕಾಯಿ. ಅವಳು ಫೋನನ್ನು ನೋಡಿದಳು, ಅಮ್ಮನ ಬಾಯಿಯನ್ನು ನೋಡಿದಳು, ಮತ್ತೆ ಫೋನನ್ನು ನೋಡಿದಳು.

“ದಯವಿಟ್ಟು ಕಾಯಿರಿ. ನಾವು ಇಲ್ಲೇ ಇದ್ದೇವೆ.”

ಈ ಸಲ ಇಳಾ ಬಾಯಿ ಮುಚ್ಚಲಿಲ್ಲ.

“ಅಮ್ಮ, ನಾವು ಮೈಸೂರಿಗೆ ಹೋದ್ಮೇಲೂ ಇವಳು ಇಲ್ಲೇ ಇರ್ತಾಳಾ?”