ಮಿಗ್ ಸಿದ್ದಯ್ಯನ ಮಣ್ಣು

"ಹೊರಡ್ರಪ್ಪ, ಯಾರೂ ತಿರುಗಿ ನೋಡ್ಬ್ಯಾಡಿ," ಎಂದು ಕೊನೆಯ ಹಿಡಿ ಮಣ್ಣು ಹಾಕಿದ ಕೆಂಪಯ್ಯ ಕೂಗಿದ. ಅವನ ತಮ್ಮ ಸಿದ್ದಯ್ಯನನ್ನು ಮಣ್ಣು ಮಾಡಿ ಆಗಿತ್ತು. ಬಂದವರೆಲ್ಲ ತಿಪ್ಪಸಂದ್ರದ ದಾರಿ ಹಿಡಿದರು. ಭದ್ರಮ್ಮ ಮಾತ್ರ ಗಂಡನ ಗುಡ್ಡೆಗೆ ಮುಖ ಮಾಡಿ ನಿಂತೇ ಇದ್ದಳು.

"ನಡಿಯವ್ವ. ನೋಡ್ತಾ ನಿಂತ್ರೆ ಹೋದೋನು ಹಿಂದೇನೇ ಬತ್ತಾನಂತೆ."

"ಬರ್ಲಿ ಬುಡಿ ಭಾವ. ನಾನೇನು ಬ್ಯಾಡ ಅಂದ್ನಾ?"

ಪಕ್ಕದ ಮನೆಯ ಮುತ್ತುರಾಜುವಿನ ಬಾಯಿಗೆ ಹೊತ್ತುಗೊತ್ತು ಇರಲಿಲ್ಲ. "ಆ ಹಳೇ ಡಬ್ಬ ಗುಜರಿಗೋಯ್ತು, ಅದರ ಹಿಂದೇನೇ ಮಿಗ್ ಸಿದ್ದಯ್ಯನೂ ಹೋದ," ಎಂದ.

ಭದ್ರಮ್ಮನಿಗೆ ರೇಗಿಹೋಯಿತು. "ಆ ಡಬ್ಬ ಮೇಲೆ ಹಾರಿದ್ದಕ್ಕೇ ನೀನು ಕೆಳಗೆ ನೆಮ್ಮದಿಯಾಗಿ ಕುರಿ ಮೇಯಿಸ್ಕಂಡಿದ್ದು ಕಣಪ್ಪ!"

*

ಸಿದ್ದಯ್ಯ ವಾಯುನೆಲೆಯಲ್ಲಿ ಮಿಗ್ ಯುದ್ಧವಿಮಾನಗಳ ಮೆಕ್ಯಾನಿಕ್ಕು. ಅವನು ಸೇರಿದಾಗ ಸಾಲುಗಟ್ಟಿ ನಿಲ್ಲುತ್ತಿದ್ದ ವಿಮಾನಗಳು, ಸರ್ವೀಸಿನ ಕೊನೆಯ ವರ್ಷಗಳಲ್ಲಿ ಒಂದೊಂದಾಗಿ ಮೂಲೆ ಸೇರಿದವು. ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದರು. ಮುಂದಿನ ವರ್ಷ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ವರ್ಷವರ್ಷವೂ ಬರುತ್ತಿತ್ತು.

"ನಿಲ್ಸೋಗಂಟ ಹಾರ್ಬೇಕಲ್ಲ," ಎನ್ನುತ್ತಿದ್ದ. ತಾನು ಸಿದ್ಧಮಾಡಿ ಕಳಿಸಿದ ವಿಮಾನ ಇಳಿಯುವ ತನಕ ಅವನು ರನ್‌ವೇಗೆ ಬೆನ್ನು ಮಾಡುತ್ತಿರಲಿಲ್ಲ. ಡ್ಯೂಟಿ ಮುಗಿದಿದ್ದರೂ ಅಷ್ಟೇ. ಕ್ವಾರ್ಟರ್ಸಿನಲ್ಲಿ ಮುದ್ದೆ ಆರಿ ಕಲ್ಲಾಗುತ್ತಿತ್ತು, ಭದ್ರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಒಂದು ವಿಮಾನ ವಾಪಸು ಬರಲೇ ಇಲ್ಲ. ಇನ್ನು ಬರುವುದಿಲ್ಲ ಎಂದು ಗೊತ್ತಾದ ಮೇಲೂ ಸಿದ್ದಯ್ಯ ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದ. ಅವತ್ತು ಅವಳು ಬೈಯಲಿಲ್ಲ.

"ಕಳಿಸ್ದೋರು ನಿಲ್ಬೇಕು ಕಣೆ," ಎಂದಷ್ಟೇ ಹೇಳಿ ಅವನು ಕೈತೊಳೆದ.

ಮಿಗ್ಗಿನ ಬೀಳ್ಕೊಡುಗೆ ಟೀವಿಯಲ್ಲಿ ಬಂದಾಗ ಅವನು ನಿವೃತ್ತನಾಗಿ ಊರು ಸೇರಿದ್ದ. ಮಂಡಿನೋವಿನಲ್ಲೂ, ಕೊನೆಯದು ಇಳಿಯುವವರೆಗೆ ಕುರ್ಚಿ ಮುಟ್ಟಲಿಲ್ಲ.

*

ಹೊತ್ತು ಇಳಿಯತೊಡಗಿತು. ಕೆಂಪಯ್ಯ ಬೇಡಿಕೊಂಡ. "ಮನೇಲಿ ಅವನ್ನ ಮಲಗಿಸಿದ್ದ ಜಾಗದಾಗೆ ನೀನೇ ದೀಪ ಹಚ್ಬೇಕು ಕಣವ್ವ. ಹಿಂಗೆ ಹಟ ಹಿಡಿದ್ರೆ ಹೆಂಗೆ?"

"ಹಚ್ತೀನಿ. ಬೆನ್ನು ಮಾತ್ರ ತೋರ್ಸಾಕಿಲ್ಲ."

ಭದ್ರಮ್ಮ ಗುಡ್ಡೆಯ ಮೇಲೆ ನೆಟ್ಟ ಕಣ್ಣು ಕೀಳದೆ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಮತ್ತೊಂದು ಇಟ್ಟಳು. ಉತ್ತ ಹೊಲದ ಹೆಂಟೆಗೆ ಎಡವಿ, ಸಾವರಿಸಿಕೊಂಡು, ಇನ್ನೊಂದು ಇಟ್ಟಳು. ದಾರಿಯಲ್ಲಿ ಅವಳಿಗಾಗಿ ಕಾದಿದ್ದವರು ಬಾಯಿ ಬಿಟ್ಟುಕೊಂಡು ನಿಂತರು. ಮುತ್ತುರಾಜು ಬಗ್ಗಿ ದಾರಿಯ ಜಾಲಿಮುಳ್ಳು ಸರಿಸತೊಡಗಿದ.

ತಮ್ಮನ ಹೆಂಡತಿಯನ್ನು ಮುಟ್ಟುವಂತಿಲ್ಲ. ಕೆಂಪಯ್ಯ ಹೆಗಲ ಟವೆಲ್ಲು ತೆಗೆದು ಅದರ ಒಂದು ತುದಿಯನ್ನು ಅವಳ ಕೈಗೆ ತಾಕಿಸಿದ. ಇನ್ನೊಂದು ತುದಿ ಹಿಡಿದು, ತಾನು ಊರಿನ ಕಡೆ ಮುಖ ಮಾಡಿ ನಿಧಾನಕ್ಕೆ ನಡೆಯತೊಡಗಿದ.

"ಒಸಿ ಬಲಕ್ಕೆ... ಕಲ್ಲೈತೆ... ಹ್ಞೂಂ, ಈಗ ಬಾ."