ಹಿಂದಿನ ಎಡಗಡೆಯ ಕಿಟಕಿ

ಟೈರಿಗೆ ಒದೆಯುವವರು ಬರಬಾರದು ಎಂದು ಆ ಮನುಷ್ಯ ಕಾರು ಮಾರಾಟದ ಜಾಹೀರಾತಿನಲ್ಲೇ ಬರೆದಿದ್ದ. ಬ್ರೋಕರುಗಳು ಬೇಡ, ಅವಸರದವರು ಬೇಡ, ಫೋನಿನಲ್ಲಿ 'ಲಾಸ್ಟ್ ಎಷ್ಟು' ಎಂದು ಕೇಳುವವರಂತೂ ಬೇಡವೇ ಬೇಡ. ಇಪ್ಪತ್ತಾರು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ, ಮಾರುವವನು ಕೊಳ್ಳುವವನಿಗೆ ಇಷ್ಟೊಂದು ಷರತ್ತು ಹಾಕಿದ್ದನ್ನು ನೋಡಿದ್ದು ಅದೇ ಮೊದಲು. ಹಾಗಾಗಿ ಗೇಟು ದಾಟಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಮುಂದಿನ ಟೈರಿಗೆ ಒಂದು ಒದ್ದದ್ದು.

"ಓದೋಕೆ ಬರಲ್ವೋ, ಓದಿಯೂ ಒದ್ರೋ?" ಎಂದಿತು ಮೆಟ್ಟಿಲ ಮೇಲಿಂದ ಒಂದು ಧ್ವನಿ.

ಬಗಲಲ್ಲಿದ್ದ ತಂಗಿ ನನ್ನ ತೋಳು ಚಿವುಟಿದಳು. "ಅಣ್ಣ, ದಮ್ಮಯ್ಯ, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೋ."

ನಾವು ಬಂದದ್ದು ಅವಳ ಮಗಳಿಗಾಗಿ. ಒಂಬತ್ತು ವರ್ಷದ ಹುಡುಗಿ. ಬಾಯಿ ತೆಗೆದರೆ ಸಿಡಿಯುತ್ತಾಳೆಂದು ನಾವೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುವುದು. ಅವಳಿಗೆ ರಕ್ತದ ಕಾಯಿಲೆ. ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಆಸ್ಪತ್ರೆ, ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಔಷಧಿ ಏರಿಸಿಕೊಂಡು ಬರುವಾಗ ಬಸ್ಸಿನ ಕುಲುಕಾಟಕ್ಕೆ ವಾಂತಿ. ತಂಗಿಯ ಬ್ಯಾಗಿನಲ್ಲಿ ಬೇರೇನಿಲ್ಲದಿದ್ದರೂ ಪ್ಲಾಸ್ಟಿಕ್ ಕವರು ಇದ್ದೇ ಇರುತ್ತಿತ್ತು.

ಕಾಯಿಲೆ ಶುರುವಾದಾಗಲೇ ನಾನು ಎದೆ ತಟ್ಟಿ ಹೇಳಿದ್ದೆ, ಸೋದರಮಾವ ಮೆಕ್ಯಾನಿಕ್ ಆಗಿರುವಾಗ ಕಾರು ಕೊಳ್ಳುವುದೆಂದರೇನು, ನಾನೇ ಕಟ್ಟಿಕೊಡುತ್ತೇನೆ ಎಂದು. ಗ್ಯಾರೇಜಿನ ಹಿಂದೆ ಆ ಕಾರು ಇವತ್ತಿಗೂ ನಿಂತಿದೆ. ಮೈ ಒಂದು ಕಾರಿನದು, ಎಂಜಿನ್ನು ಇನ್ನೊಂದರದು. ಗೇರ್‌ಬಾಕ್ಸ್ ಮೂರು ಸಲ ಬದಲಾಯಿಸಿದೆ, ಮೂರೂ ನನ್ನ ಮನಸ್ಸಿಗೆ ಬರಲಿಲ್ಲ. ಪಟಾಕಿ ಬಂದಾಗಲೆಲ್ಲ ಚಕ್ರವಿಲ್ಲದ ಆ ಕಾರಿನೊಳಗೆ ಕೂತು ಸ್ಟಿಯರಿಂಗ್ ತಿರುಗಿಸುತ್ತ "ಯಾವಾಗ ಮಾಮಾ?" ಎನ್ನುತ್ತಿದ್ದಳು. "ಇನ್ನೊಂದು ತಿಂಗಳು" ಎನ್ನುತ್ತಿದ್ದೆ. "ಮಾಮನ ಕ್ಯಾಲೆಂಡರಲ್ಲಿ ಇರೋದು ಒಂದೇ ತಿಂಗಳು, ಅದರ ಹೆಸರು ಇನ್ನೊಂದು ತಿಂಗಳು," ಎಂದು ಅವಳು ಊರೆಲ್ಲ ಸಾರಿದ್ದಳು.

ಹೀಗಿರುವಾಗ ಗುರುವಾರ ತಂಗಿ ಗ್ಯಾರೇಜಿಗೆ ಬಂದು, ಭಾನುವಾರ ಒಂದು ಹಳೇ ಕಾರು ನೋಡೋಕೆ ಹೋಗ್ತೀನಿ, ನೀನು ಬರ್ತೀಯೋ ಇಲ್ವೋ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಕೈಮೇಲೆ ನಂಬಿಕೆ ಇಲ್ವಾ ನಿಂಗೆ?"

"ನಂಬಿಕೆ ಇದೆ ಅಣ್ಣ. ಟೈಮಿಲ್ಲ."

ಹುಟ್ಟಿದಾಗಿನಿಂದ ಅವಳಿಗೆ ಟೈಮಿಲ್ಲ. ತಾಳಿದವನು ಬಾಳಿಯಾನು ಎಂದು ಬೈದೆ. ಆದರೂ ಬಂದೆ. ನಾನು ಬರದಿದ್ದರೆ ಯಾವನಾದರೂ ಅವಳ ತಲೆಗೆ ಗುಜರಿ ಕಟ್ಟುವುದು ಗ್ಯಾರಂಟಿ.

ಮುದುಕ ಮೆಟ್ಟಿಲಿಳಿದು ಬಂದ. ಕೃಶ ದೇಹ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಛಾಪಖಾನೆಯಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ನಿವೃತ್ತನಾದವನಂತೆ. ಹತ್ತಿರದ ಪಂಕ್ಚರ್ ಅಂಗಡಿಯವನು ಮೊದಲೇ ಹೇಳಿದ್ದ, ಆರು ತಿಂಗಳಲ್ಲಿ ಹದಿನಾಲ್ಕು ಗಿರಾಕಿಗಳನ್ನು ಓಡಿಸಿದ್ದಾನೆ, ನೀವು ಹದಿನೈದನೆಯವರು ಎಂದು.

"ಚಪ್ಪಲಿ ಬಿಟ್ಟು ಒಳಗೆ ಕೂರಬೇಕು. ಹಾರ್ನ್ ಹೊಡೀಬಾರ್ದು. ಮುಂದಿನ ಬಾಗಿಲು ತೆಗೀಬಹುದು, ಹಿಂದಿನ ಬಲಗಡೇದೂ ತೆಗೀಬಹುದು. ಎಡಗಡೇದು ಮುಟ್ಟಬೇಡಿ."

"ಯಾಕೆ, ಮುಟ್ಟಿದ್ರೆ ಕಚ್ಚುತ್ತಾ?"

ಅವನು ನನ್ನತ್ತ ನೋಡಲೇ ಇಲ್ಲ. ತಂಗಿಯನ್ನು ಕೇಳಿದ, "ಕಾರು ತಗೊಂಡು ಎಲ್ಲಿಗೆ ಹೋಗ್ತೀರಮ್ಮ?"

"ಸುತ್ತೋಕೆ," ಎಂದಳು ತಂಗಿ. "ಮಗಳನ್ನ ಕೂರಿಸ್ಕೊಂಡು. ಹೊಳೆ ಕಡೆಗೆ, ಗುಡ್ಡದ ಕಡೆಗೆ, ಅವಳು ಎಲ್ಲಿಗೆ ಅಂತಾಳೋ ಅಲ್ಲಿಗೆ."

ಎಲಾ ಇವಳ! ಚಿಕ್ಕಂದಿನಿಂದ ಇದೇ ಬುದ್ಧಿ. ಹರಿದ ಲಂಗ ಹಾಕಿಕೊಂಡು ಹೋಗಿ ಇದು ಈಗಿನ ಫ್ಯಾಷನ್ ಎಂದಿದ್ದವಳು. ಆಸ್ಪತ್ರೆ ವಿಷಯ ಹೇಳಿಕೊಳ್ಳಲು ಮರ್ಯಾದೆ ಅಡ್ಡ ಬಂತು ಎಂದುಕೊಂಡೆ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ, ಇವಳು ಹಲ್ಲು ಕಿರಿಯುತ್ತ ವ್ಯಾಪಾರಕ್ಕೆ ನಿಂತಿದ್ದಾಳೆ.

ಆದರೆ ಮುದುಕನ ಮುಖ ಸ್ವಲ್ಪ ಸಡಿಲವಾಯಿತು. "ಗುಡ್ಡದ ಕಡೆಗೆ ಇದು ಹೋಗೇ ಇಲ್ಲ," ಎಂದು ಬೀಗದ ಕೈ ಕೊಟ್ಟ.

ನಾನು ಬಾನೆಟ್ಟು ಎತ್ತಿದೆ. ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿದೆ. ನಿಜ ಹೇಳಬೇಕೆಂದರೆ ಎಂಜಿನ್ನು ಒಳ್ಳೆಯದಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವುದುಂಟೇ? ಕ್ಲಚ್ಚು ಮುಗಿದಿದೆ, ಸೈಲೆನ್ಸರ್ ತೂತು, ಮುಂದಿನ ಬುಷ್ ಸವೆದಿದೆ ಎಂದು ಒಂದೊಂದಾಗಿ ಕೂಗಿ ಹೇಳತೊಡಗಿದೆ. ನನ್ನ ಕಸುಬಿನ ವರಸೆಯೇ ಅದು, ಹತ್ತು ತಪ್ಪು ಹೇಳುವಷ್ಟರಲ್ಲಿ ಎಂಥ ಮಾರಾಟಗಾರನೂ ಮೆತ್ತಗಾಗುತ್ತಾನೆ.

"ಕ್ಲಚ್ಚು ಎರಡು ಸಲ ಹೇಳಿದ್ರಿ," ಎಂದ ಮುದುಕ. "ಒಂದು ಹೊಡೆದುಹಾಕಿ."

ಒಳಗೆ ಕೂತು ನೋಡಿದಾಗ ವಿಚಿತ್ರವೆನಿಸಿತು. ಡ್ರೈವರ್ ಸೀಟು ಅಷ್ಟಾಗಿ ಸವೆದಿರಲಿಲ್ಲ, ಪಕ್ಕದ್ದಂತೂ ಹೊಸದರ ಹಾಗೇ ಇತ್ತು. ಹಿಂದಿನ ಎಡಗಡೆಯದು ಮಾತ್ರ ಕುಸಿದು ಗುಳಿಬಿದ್ದಿತ್ತು. ಆ ಬಾಗಿಲಿನ ಹಿಡಿ ಸವೆದು ಹೊಳೆಯುತ್ತಿತ್ತು. ಅದರ ಗಾಜು ಪೂರ್ತಿ ಮೇಲೇರಿತ್ತು, ಕಿಟಕಿ ಇಳಿಸುವ ತಿರುಗಣೆ ಸಡಿಲವಾಗಿ ನೇತಾಡುತ್ತಿತ್ತು.

"ಕಿಟಕಿಯೂ ಕೆಟ್ಟಿದೆ!" ಎಂದು ಕೂಗಿದೆ. "ಇಷ್ಟೆಲ್ಲ ರಿಪೇರಿಗೆ ಇನ್ನೊಂದು ತಿಂಗಳು ಬೇಕು. ಬೆಲೆ ಅರ್ಧ ಮಾಡಿ."

"ಬೆಲೆ ಬರೆದಿದೀನಿ. ಬರೆದದ್ದು ಬರೆದ ಹಾಗೆ."

"ಅಣ್ಣ, ಬಿಡು, ಕೊಟ್ಬಿಡೋಣ," ಎಂದಳು ತಂಗಿ. ಅವಳ ಕಣ್ಣು ಆಗಲೇ ಹಿಂದಿನ ಸೀಟಿನ ಮೇಲಿತ್ತು.

ಅಲ್ಲಿಗೆ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಅವಳು ಜೆರಾಕ್ಸ್ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ದುಡಿಯುವವಳು. "ನೋಡಿ ಸ್ವಾಮಿ, ಇವಳು ಸುತ್ತೋಕೆ ಕೇಳ್ತಿಲ್ಲ," ಎಂದೆ. "ಸ್ವಾಭಿಮಾನಕ್ಕೆ ಸುಳ್ಳು ಹೇಳಿದ್ಲು. ಮಗಳಿಗೆ ರಕ್ತದ ಕಾಯಿಲೆ. ವಾರಕ್ಕೆರಡು ಸಲ ಆಸ್ಪತ್ರೆಗೆ ಓಡಾಡಬೇಕು. ಬಸ್ಸಲ್ಲಿ ಮಗು ಕರುಳು ಕಿತ್ತುಬರೋ ಹಾಗೆ ವಾಂತಿ ಮಾಡ್ಕೊಳ್ಳುತ್ತೆ. ಅದಕ್ಕೇ ಈ ಕಾರು. ಈಗಲಾದ್ರೂ ಮನಸ್ಸು ಕರಗುತ್ತೇನು?"

ಮುದುಕ ಹತ್ತಿರ ಬಂದ. ಆಮೇಲೆ ಕೈ ಚಾಚಿ ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡ.

"ಹಾಗಾದ್ರೆ ಕೊಡಲ್ಲ."

"ಏನಂದ್ರಿ?"

"ಆಸ್ಪತ್ರೆಗೆ ಅಂದ್ರೆ ಕೊಡಲ್ಲ. ಬೇರೆ ಕಾರು ನೋಡ್ಕೊಳ್ಳಿ."

ನಾನು ಬೈದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ನಿಮ್ಮ ಎದೆಯಲ್ಲಿರೋದು ಹೃದಯವೋ ಕಲ್ಲುಗುಂಡೋ ಎಂದೆ. ಹೋಗುವಾಗ ತಲೆಮೇಲೆ ಹೊತ್ತುಕೊಂಡು ಹೋಗ್ತೀರಾ ಈ ಡಬ್ಬಾನ ಎಂದೆ. ಪಕ್ಕದ ಮನೆಯವರು ಕಿಟಕಿಗೆ ಬಂದರು. ಮುದುಕ ಎಲ್ಲ ಕೇಳಿಸಿಕೊಂಡು, ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಮೆಟ್ಟಿಲ ಮೇಲೆ ಕೂತ.

"ನಾಲ್ಕು ವರ್ಷ," ಎಂದ. "ನನ್ನ ಹೆಂಡತೀನ ಇದರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಬೇರೆ ಎಲ್ಲಿಗೂ ಹೋಗೇ ಇಲ್ಲ ನಾವು. ಕಾಲು ಚಾಚೋಕೆ ಆಗ್ಲಿ ಅಂತ ಹಿಂದೆ ಎಡಗಡೆ ಕೂರ್ತಿದ್ಲು. ಕಿಟಕಿ ಇಳಿಸಿ, ಗಾಳಿ ಬರ್ಲಿ ಅಂತಿದ್ಲು. ಧೂಳು, ಕೆಮ್ಮು ಬರುತ್ತೆ, ಮುಚ್ಚು ಅಂತಿದ್ದೆ. ಆಮೇಲೆ ಅದು ಕೆಟ್ಟುಹೋಯ್ತು. ರಿಪೇರಿ ಮಾಡಿಸ್ತೀನಿ ಅಂದೆ. ಮಾಡಿಸ್ಲಿಲ್ಲ. ಕೆಟ್ಟಿದ್ದೇ ಒಳ್ಳೇದಾಯ್ತು ಅಂದ್ಕೊಂಡೆ."

ಬೀಗದ ಕೈಯನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ.

"ಕೊನೇ ಸಲ ವಾಪಸ್ ಬರ್ತಾ ದಾರಿಯುದ್ದಕ್ಕೂ ಮಾತಾಡ್ಕೊಂಡು ಬಂದೆ. ಇಲ್ಲೇ ನಿಲ್ಸಿ, ಇಳಿ, ಮನೆ ಬಂತು ಅಂದೆ. ಇಳೀಲಿಲ್ಲ. ಈ ಕಾರಿಗೆ ಗೊತ್ತಿರೋದು ಆ ದಾರಿ ಒಂದೇ. ಇನ್ನೊಬ್ಬರನ್ನ ಕೂರಿಸ್ಕೊಂಡು ಮತ್ತೆ ಅದೇ ದಾರೀಲಿ ಹೋಗೋದು ಬೇಡ. ನಗ್ತಾ ಹೋಗೋರು ಯಾರಾದ್ರೂ ತಗೊಳ್ಳಲಿ ಅಂತ ಕಾಯ್ತಿದೀನಿ. ಅಷ್ಟೇ."

ಅಲ್ಲಿಯವರೆಗೆ ಮನಸ್ಸಿನಲ್ಲಿ ಅವರನ್ನು ಏಕವಚನದಲ್ಲೇ ಬೈಯುತ್ತಿದ್ದೆ. ಆಮೇಲೆ ಆಗಲಿಲ್ಲ.

ತಂಗಿ ಅವರ ಪಕ್ಕದ ಮೆಟ್ಟಿಲ ಮೇಲೆ ಕೂತಳು. "ಸರ್, ನಾನು ಸುಳ್ಳು ಹೇಳ್ಲಿಲ್ಲ," ಎಂದಳು. "ಅಣ್ಣನಿಗೆ ಗೊತ್ತಿಲ್ಲ. ಬುಧವಾರ ಡಾಕ್ಟ್ರು ನನ್ನನ್ನೂ ಮಗಳ ಅಪ್ಪನನ್ನೂ ಕೂರಿಸ್ಕೊಂಡು ಹೇಳಿದ್ರು. ಇನ್ಮೇಲೆ ಕರ್ಕೊಂಡು ಬರೋದು ಬೇಡ ಅಂದ್ರು. ನೋವಿಗೆ ಮಾತ್ರೆ ಕೊಟ್ಟಿದಾರೆ. ಮನೇಲಿ ಖುಷಿಯಾಗಿ ಇಟ್ಕೊಳ್ಳಿ ಅಂದ್ರು. ಅವಳಿಗೆ ಹೊಸ ರಸ್ತೆ ನೋಡ್ಬೇಕಂತೆ. ಆಸ್ಪತ್ರೆ ರಸ್ತೇಲಿ ಎಷ್ಟು ಕಂಬ ಇದೆ ಅಂತ ಬಾಯಿಪಾಠ ಅವಳಿಗೆ. ಎಣಿಸದೇ ಇರೋ ಕಂಬ ನೋಡ್ಬೇಕು ಅಂತಾಳೆ."

ನಾನು ಬಾನೆಟ್ಟಿಗೆ ಒರಗಿ, "ಎಷ್ಟು..." ಎಂದೆ.

"ಒಂದು ತಿಂಗಳು ಸಿಕ್ಕಿದ್ರೆ ಪುಣ್ಯ ಅಂದ್ರು ಅಣ್ಣ."

ಅಯ್ಯೋ ದೇವರೇ. ಇಪ್ಪತ್ತನಾಲ್ಕು ತಿಂಗಳು ಆ ಮಗು ನನಗೆ ಕೊಟ್ಟಿತ್ತು. ಗೇರ್‌ಬಾಕ್ಸ್ ಸದ್ದು ಸರಿಯಿಲ್ಲ ಎಂದು ನಾಲ್ಕು ತಿಂಗಳು ಕಳೆದೆ. ಬಣ್ಣ ಮನಸ್ಸಿಗೆ ಬರಲಿಲ್ಲ ಎಂದು ಮೂರು ತಿಂಗಳು. ಮೊದಲ ಗೇರ್‌ಬಾಕ್ಸೇ ಸಾಕಾಗಿತ್ತು, ಗರಗರ ಎನ್ನುತ್ತಲೇ ಅವಳನ್ನು ಗುಡ್ಡಕ್ಕೆ ಕರೆದೊಯ್ಯಬಹುದಾಗಿತ್ತು. ಅಷ್ಟೂ ದಿನ ಅವಳು ಬಸ್ಸಿನಲ್ಲಿ ಕವರು ಹಿಡಿದುಕೊಂಡು ಹೋದಳು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ತಂಗಿಯ ಮೇಲೆ ರೇಗಿದೆ. ರೇಗುವುದು ಬಿಟ್ಟು ನನಗೆ ಬೇರೆ ಏನು ಬರುತ್ತದೆ?

"ಹೆಂಗೆ ಹೇಳ್ಲಿ? ಕಾರು ನೋಡೋ ವಿಷಯಾನೇ ನಿಂಗೆ ಹೇಳ್ಬೇಡ ಅಂದಿದ್ಲು ಅವಳು. ಮಾಮಂಗೆ ಬೇಜಾರಾಗುತ್ತೆ ಅಂತೆ. ಗೊತ್ತಾದ್ರೆ ಇದು ಟೆಂಪರರಿ, ಮಾಮನ ಕಾರು ರೆಡಿ ಆಗೋವರೆಗೆ ಅಷ್ಟೇ ಅಂತ ಹೇಳ್ಬೇಕಂತೆ." ಹೇಳುತ್ತ ಹೇಳುತ್ತ ತಂಗಿ ಅತ್ತುಬಿಟ್ಟಳು.

ಆ ಹಿರಿಯರು ಎದ್ದರು. ಕಾರಿನ ಸುತ್ತ ಬಳಸಿ ಹೋಗಿ ಹಿಂದಿನ ಎಡಗಡೆಯ ಬಾಗಿಲನ್ನು ತಾವೇ ತೆಗೆದರು. ತುಂಬಾ ಹೊತ್ತು ಹಿಡಿದುಕೊಂಡು ನಿಂತಿದ್ದು, "ಈ ಕಿಟಕಿಗೆ ನಿಜವಾಗ್ಲೂ ಒಂದು ತಿಂಗಳು ಬೇಕಾ?" ಎಂದು ನನ್ನನ್ನು ಕೇಳಿದರು.

"ಇಪ್ಪತ್ತು ನಿಮಿಷ," ಎಂದೆ.

ಬಾಗಿಲಿನ ಒಳಹಲಗೆ ಬಿಚ್ಚಿದೆ. ಸ್ಕ್ರೂಗಳನ್ನು ಅವರು ಅಂಗೈಯಲ್ಲಿ ಹಿಡಿದುಕೊಂಡರು. ಗಾಜನ್ನು ಎಳೆಯುವ ತಂತಿ ಗಾಲಿಯಿಂದ ಜಾರಿತ್ತು, ಅಷ್ಟೇ. ಬಾಗಿಲ ಹೊಟ್ಟೆಯಲ್ಲಿ ಕೈಯಾಡಿಸಿದಾಗ ಬೆರಳಿಗೆ ಏನೋ ಸಿಕ್ಕಿತು. ತೆಗೆದು ನೋಡಿದರೆ ಮಾತ್ರೆಗಳು. ಗಾಜಿನ ಸಂದಿಯಿಂದ ಒಳಗೆ ಬಿದ್ದವು, ಬಣ್ಣ ಹೋಗಿ ಧೂಳು ಮೆತ್ತಿದವು, ಒಟ್ಟು ಹನ್ನೊಂದು.

ಅವರು ಒಂದೊಂದನ್ನೇ ತಿರುಗಿಸಿ ನೋಡಿದರು. "ಕಹಿ ಕಹಿ ಅಂತಿದ್ಲು," ಎಂದರು. "ಕನ್ನಡೀಲಿ ನೋಡ್ತಿದ್ದೆ, ಬಾಯಿಗೆ ಹಾಕ್ಕೊಂಡು ನುಂಗಿದೆ ಅಂತಿದ್ಲು. ಕಳ್ಳಿ!" ನಕ್ಕರು. ಮೂವತ್ತೈದು ವರ್ಷ ಬೇರೆಯವರ ತಪ್ಪು ಹುಡುಕಿದವರು ಹೆಂಡತಿಯ ಈ ಕಳ್ಳಾಟ ಹಿಡಿಯಲಾಗದೆ ಹೋದದ್ದಕ್ಕೆ ನಗುತ್ತ ನಗುತ್ತ, ಕಾರಿಗೆ ಹಣೆ ಹಚ್ಚಿ ಅತ್ತರು. ನಾನು ತಂತಿ ಬಿಗಿಯುವ ನೆಪದಲ್ಲಿ ತಲೆ ಎತ್ತಲಿಲ್ಲ.

ಗಾಜು ಇಳಿಯಿತು, ಏರಿತು, ಮತ್ತೆ ಇಳಿಯಿತು. ಬೆಲೆ ಅವರು ಬರೆದದ್ದೇ, ನಾನು ತುಟಿ ಪಿಟಕ್ಕೆನ್ನಲಿಲ್ಲ. ಕಾಗದಪತ್ರಕ್ಕೆ ಸಹಿ ಹಾಕಿ ಕೊಟ್ಟು, ತಂಗಿ ಡ್ರೈವರ್ ಸೀಟಿನಲ್ಲಿ ಕೂತ ಮೇಲೆ, ಅವರು ಬಗ್ಗಿ ಒಂದೇ ಮಾತು ಹೇಳಿದರು.

"ಕಿಟಕಿ ಮುಚ್ಚು ಅಂತ ಮಾತ್ರ ಮಗೂಗೆ ಹೇಳ್ಬೇಡಿ ತಾಯಿ."

ಮನೆ ಮುಂದೆ ಪಟಾಕಿ ಕುರ್ಚಿಯಲ್ಲಿ ಕಾದು ಕೂತಿದ್ದಳು. ತಲೆಗೆ ಟೋಪಿ, ಕಾಲಿಗೆ ಆಗಲೇ ಬೂಟು. ಅವಳಪ್ಪ ಎತ್ತಿ ತಂದು ಹಿಂದಿನ ಎಡಗಡೆ ಕೂರಿಸಿದ. ಗುಳಿಬಿದ್ದ ಸೀಟಿನಲ್ಲಿ ಅವಳು ಹೂತುಹೋದಳು, ದಿಂಬು ತಂದು ಎತ್ತರ ಮಾಡಿದೆವು. ಅವಳು ಕಾರನ್ನೆಲ್ಲ ಕಣ್ಣಿನಲ್ಲೇ ಒಂದು ಸುತ್ತು ತಪಾಸಣೆ ಮಾಡಿ, "ಪರವಾಗಿಲ್ಲ ಮಾಮಾ," ಎಂದಳು. "ಟೆಂಪರರಿಗೆ ಸಾಕು. ನಿಂದು ಯಾವಾಗ?"

ಬಾಯಿಗೆ ಬೇರೆ ಮಾತು ಬರಲಿಲ್ಲ. ಅದೇ ಹಾಳು ಮಾತು ಬಂತು. "ಇನ್ನೊಂದು ತಿಂಗಳು ಪುಟ್ಟ," ಎಂದೆ.

ಅವಳು ನಗುತ್ತಾಳೆ, ಕ್ಯಾಲೆಂಡರಿನ ಜೋಕು ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಕೈ ಹೊರಗೆ ಚಾಚಿ, ಗ್ರೀಸು ಹತ್ತಿದ ನನ್ನ ಬೆರಳು ಹಿಡಿದುಕೊಂಡಳು.

"ನಿಧಾನಕ್ಕೆ ಮಾಡು ಮಾಮಾ," ಎಂದಳು. "ಅರ್ಜೆಂಟೇನಿಲ್ಲ."

ಆಮೇಲೆ ತಿರುಗಣೆ ತಿರುಗಿಸಿ ಕಿಟಕಿಯನ್ನು ಪೂರ್ತಿ ಇಳಿಸಿಕೊಂಡಳು.